ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: 10 ಗಂಟೆಯಾ, 16 ಗಂಟೆಯಾ, 23 ಗಂಟೆಯಾ?

ಮಂಡ್ಯದ ಮಗ:
ಅಕ್ಕನ ಬಾಣಂತನಕ್ಕೆ ಅಮ್ಮ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದಾರೆ. ಒಬ್ಬರೇ, ವಿಮಾನ ಹತ್ತುವುದು ಇದೇ ಮೊದಲು. ಸಂಕ್ರಾಂತಿ ಮುಗಿಸಿಕೊಂಡು ಜನವರಿ 18ಕ್ಕೆ ಟಿಕೆಟ್. ಬೆಂಗಳೂರಿನಿಂದ ಬೆಳಗಿನ ಜಾವ 3ಕ್ಕೆ ಹೊರಟು, ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ, ಅದೇ 18ರ ಮಧ್ಯಾಹ್ನ 1ಕ್ಕೆ ತಲುಪುತ್ತದೆ ಅಂತ ಬರೆದಿದೆ. ‘ಹತ್ತೇ ಗಂಟೆ ತಾನೇ’ ಅಂತ ಅಮ್ಮ ಧೈರ್ಯವಾಗಿದ್ದಾರೆ. ದೂರ ತೋರಿಸುವ ವೆಬ್‌ಸೈಟ್‌ನಲ್ಲಿ 14,000 ಕಿ.ಮೀ., 16 ಗಂಟೆ ಅಂತಿದೆ. ಟಿಕೆಟ್ಟಿನ ಮೂಲೆಯಲ್ಲಿ 23 ಗಂಟೆ 30 ನಿಮಿಷ. ಯಾವುದನ್ನು ನಂಬಬೇಕು? ಅವರಿಗೆ ಸಕ್ಕರೆ ಕಾಯಿಲೆ ಇದೆ, ಊಟ–ಮಾತ್ರೆಯ ಹೊತ್ತು ಲೆಕ್ಕ ಹಾಕಬೇಕು.

ಸರಸ್ವತಿಪುರಂ ಮೇಷ್ಟ್ರು:
ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವನು ನಾನು. ನಿಮ್ಮ ಪ್ರಶ್ನೆ ಓದಿದ ಕೂಡಲೇ ಗ್ಲೋಬ್ ಕೆಳಗಿಳಿಸಿ ದಾರ ಹಿಡಿದು ಕೂತೆ.

ನನ್ನ ಗ್ಲೋಬಿನ ಸುತ್ತಳತೆ 94 ಸೆಂ.ಮೀ. ಭೂಮಿಯದು ಸುಮಾರು 40,000 ಕಿ.ಮೀ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಬಿಗಿಯಾಗಿ ಎಳೆದರೆ 33 ಸೆಂ.ಮೀ. ಅಂದರೆ 14,000 ಕಿ.ಮೀ. ಆ ದಾರ ಚೀನಾ, ಸೈಬೀರಿಯಾ, ಅಲಾಸ್ಕಾ ಮೇಲೆ ಹೋಗುತ್ತದೆ. ವೆಬ್‌ಸೈಟ್ ಹೇಳುವುದು ಈ ದಾರದ ಉದ್ದ. ಅದನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದರೆ 16 ಗಂಟೆ ಹತ್ತಿರ ಬರುತ್ತದೆ. ನಿಮ್ಮ ತಾಯಿ ಹೋಗುವುದು ಪಶ್ಚಿಮಕ್ಕೆ! ಫ್ರಾಂಕ್‌ಫರ್ಟ್‌ಗೆ 7,400, ಅಲ್ಲಿಂದ ಮುಂದೆ 9,150. ಒಟ್ಟು 16,550 ಕಿ.ಮೀ. ಮೇಲೆ ಎದುರುಗಾಳಿ. ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಫ್ರಾಂಕ್‌ಫರ್ಟ್‌ಗೆ ಹೋಗುವುದಕ್ಕಿಂತ ಬರುವಾಗ ಬೇಗ ಆಗುವುದು ಅದಕ್ಕೇ.

2021ರ ಜನವರಿಯಲ್ಲಿ ಏರ್ ಇಂಡಿಯಾ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾರಿ ಎಲ್ಲೂ ಇಳಿಯದೆ ಬೆಂಗಳೂರಿಗೆ ಬಂತು. ಓಡಿಸಿದವರೆಲ್ಲ ಹೆಣ್ಣುಮಕ್ಕಳು. ಸುಮಾರು 17 ಗಂಟೆ ಹಿಡಿಯಿತು. ಅವತ್ತು ಪೇಪರ್ ಓದಿ ನನಗೆ ಆದ ಖುಷಿ ಇನ್ನೂ ನೆನಪಿದೆ.

ಈಗ ಆ 10 ಗಂಟೆ. ಜನವರಿಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ 18ರ ಮಧ್ಯಾಹ್ನ 1 ಆದಾಗ ಮಂಡ್ಯದಲ್ಲಿ 19ರ ಬೆಳಗಿನ ಜಾವ ಎರಡೂವರೆ. ಇಪ್ಪತ್ತಮೂರೂವರೆ ಗಂಟೆಯೇ ನಿಜ. ತಾಯಿಯ ಕೈಗಡಿಯಾರವನ್ನು ದಾರಿಯಲ್ಲಿ ಬದಲಿಸಬೇಡಿ, ಮಂಡ್ಯದ ಸಮಯವೇ ಇರಲಿ. ಎಷ್ಟು ಗಂಟೆಗೊಮ್ಮೆ ಮಾತ್ರೆ ಅಂತ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಳ್ಳಿ.

ಕುವೆಂಪುನಗರದ ಸೊಸೆ:
ಮೇಷ್ಟ್ರು ಹೇಳಿದ್ದು ಸರಿ. ನಮ್ಮ ಅತ್ತೆಯನ್ನೂ ಹೀಗೇ ಕಳಿಸಿದ್ದೆವು. ಮಾತ್ರೆ ಕೈಚೀಲದಲ್ಲೇ ಇರಬೇಕು, ಸೂಟ್‌ಕೇಸಿನಲ್ಲಿ ಬೇಡ. ಇವತ್ತೇ ಫೋನ್ ಮಾಡಿ ವೀಲ್‌ಚೇರ್ ಕೇಳಿ. ನಡೆಯಲು ಬರುತ್ತದೆ ಅಂತ ಸುಮ್ನೆ ಬಿಡಬೇಡಿ. ಫ್ರಾಂಕ್‌ಫರ್ಟ್ ತುಂಬಾ ದೊಡ್ಡದು, ವೀಲ್‌ಚೇರ್ ತಳ್ಳುವವರೇ ಮುಂದಿನ ಗೇಟಿಗೆ ಬಿಡುತ್ತಾರೆ. ಇನ್ನೊಂದು, 18ರ ಬೆಳಗಿನ ಜಾವ 3 ಅಂದರೆ ನೀವು 17ರ ರಾತ್ರಿ 12ಕ್ಕೆಲ್ಲ ಏರ್‌ಪೋರ್ಟಿನಲ್ಲಿರಬೇಕು. ಮಂಡ್ಯ ಬಿಡುವುದು 17ರ ರಾತ್ರಿ 8ಕ್ಕೆ. ಬೆಂಗಳೂರು ದಾಟುವುದಕ್ಕೇ ಜಾಸ್ತಿ ಹೊತ್ತು.

ಮಂಡ್ಯದ ಮಗ:
ಅಕ್ಕಾ, ದೊಡ್ಡ ಉಪಕಾರ ಆಯ್ತು. ನಾನು ಟ್ಯಾಕ್ಸಿ ಹೇಳಿದ್ದು 18ರ ರಾತ್ರಿಗೆ. ಈಗಷ್ಟೇ ಫೋನ್ ಮಾಡಿ 17ಕ್ಕೆ ಬದಲಿಸಿದೆ. ಮೇಷ್ಟ್ರೇ, ಪಕ್ಕದ ಮನೆಯ ಹುಡುಗಿಯ ಗ್ಲೋಬ್ ತಂದು ಅಮ್ಮನಿಗೆ ದಾರ ಹಿಡಿದು ತೋರಿಸಿದೆ. ಫ್ರಾಂಕ್‌ಫರ್ಟ್ ಮೇಲೆ ಬೆರಳಿಟ್ಟು ‘ಇಲ್ಲಿ ಮೊದಲ ಮಾತ್ರೆನಾ?’ ಅಂತ ಕೇಳಿದರು. ನಾಳೆ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ.