ಅಷ್ಟು ಮಳೆ ಬಂದರೂ ಮನೆಯ ಅಬ್ಬಿ ಶಿವರಾತ್ರಿಗೇ ಯಾಕೆ ಬತ್ತುತ್ತದೆ?

ಪ್ರಶ್ನೆ (ಅಡಿಕೆ ಬೆಳೆಗಾರ, ಹೊಸನಗರ ತಾಲ್ಲೂಕು):
ಸರ್, ನಮ್ಮದು ಎರಡು ಎಕರೆ ತೋಟ. ಮನೆಗೂ ತೋಟಕ್ಕೂ ಅಬ್ಬಿ ನೀರೇ, ಅಂದರೆ ಗುಡ್ಡದ ಒರತೆಯಿಂದ ಹರಿದು ಬರುವ ನೀರೇ ಗತಿ. ಅಜ್ಜನ ಕಾಲದಲ್ಲಿ ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಪೈಪ್ ಹಾಕಿದ್ದೇವೆ. ಮೊದಲು ಮೇ ತಿಂಗಳಲ್ಲೂ ಕೊಡ ತುಂಬುತ್ತಿತ್ತು. ಈಗ ಶಿವರಾತ್ರಿ ಹೊತ್ತಿಗೆ ದಾರದ ಹಾಗೆ ಸಣ್ಣಗಾಗುತ್ತದೆ. ಅಬ್ಬಿಯ ಮೇಲಿನ ಗುಡ್ಡದಲ್ಲಿ ಒಳ್ಳೆ ಕಾಡಿತ್ತು. ಅದನ್ನು ಕಡಿದು ಅಕೇಶಿಯಾ ಹಾಕಿದರು. ಅದನ್ನೂ ಎರಡು ಸಲ ಕಡಿದು ಸಾಗಿಸಿ ಆಯಿತು. ಮಳೆ ಏನೂ ಕಡಿಮೆ ಇಲ್ಲ. ತಮ್ಮ ಬೋರ್ ಕೊರೆಸೋಣ ಅಂತಿದ್ದಾನೆ. ಏನು ಮಾಡಲಿ?

ಉತ್ತರ (ಅರಣ್ಯಶಾಸ್ತ್ರ ಓದಿ ಮಲೆನಾಡಿನ ಕಾಡು-ನೀರಿನ ಕೆಲಸದಲ್ಲಿರುವವರು):
ಬೋರ್ ಸ್ವಲ್ಪ ತಡೆಯಿರಿ. ಮೊದಲು ತಮ್ಮನನ್ನೂ ಕರೆದುಕೊಂಡು ಗುಡ್ಡ ಹತ್ತಿ ಬನ್ನಿ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಉಳಿದ ಎಂಟು ತಿಂಗಳು ನಾವು ಕುಡಿಯುವುದು ಗುಡ್ಡ ಹಿಡಿದಿಟ್ಟುಕೊಂಡ ನೀರು. ಹಾಗಾಗಿ ಎಷ್ಟು ಬಿತ್ತು ಅನ್ನುವುದಕ್ಕಿಂತ ಎಷ್ಟು ಇಂಗಿತು ಅಂತ ನೋಡಬೇಕು.

ಒಂದು ಪರೀಕ್ಷೆ ಮಾಡಿ. ಎರಡೂ ಕಡೆ ಬಾಯಿ ಕತ್ತರಿಸಿದ ಡಬ್ಬ ಒಂದು, ನೀರು ಒಂದು ಕೊಡ ಇದ್ದರೆ ಸಾಕು. ಹತ್ತಿರದಲ್ಲಿ ಉಳಿದಿರುವ ಯಾವುದಾದರೂ ಕಾನಿಗೆ, ಅಂದರೆ ಹಳೇ ದಟ್ಟ ಹಸಿರು ಕಾಡಿಗೆ ಹೋಗಿ, ಚೌಡಿ ದೇವರ ಬನ ಆದರೂ ಆದೀತು. ಕೈಯಿಂದ ದರಕು, ಅಂದರೆ ಉದುರಿದ ಎಲೆ ಸರಿಸಿ. ಮೇಲೆ ಒಣ ಎಲೆ. ಅದರಡಿ ಅರ್ಧ ಕೊಳೆತು ಬಲೆಯಂತಾದ ಎಲೆ, ನಡುವೆ ಬಿಳೀ ಬೂಸ್ಟಿನ ನೂಲು. ಇನ್ನೂ ಕೆಳಗೆ ಕಾಫಿಪುಡಿಯಂಥ ಕಪ್ಪು ಮಣ್ಣು, ಎರೆಹುಳದ ಹಿಕ್ಕೆ. ಅಲ್ಲಿ ಡಬ್ಬ ಎರಡು ಇಂಚು ಒತ್ತಿ ನೀರು ಹುಯ್ಯಿರಿ. ಕವಳ ಹಾಕಿಕೊಳ್ಳುವಷ್ಟರಲ್ಲಿ ನೀರು ಮಾಯ. ಆಮೇಲೆ ಅಕೇಶಿಯಾ ಕಡಿದು ಲಾರಿ ಓಡಾಡಿದ ಜಾಗದಲ್ಲಿ ಹುಯ್ಯಿರಿ. ನೀರು ಸುಮ್ನೆ ನಿಂತಿರುತ್ತದೆ. ಮಳೆಗಾಲದಲ್ಲಿ ಹಾಗೆ ನಿಂತ ನೀರೇ ಕೆಂಪಗಾಗಿ ನಿಮ್ಮ ಹಳ್ಳಕ್ಕೆ ಇಳಿಯುತ್ತದೆ. ಮೇಲ್ಮಣ್ಣು ತೊಳೆದುಹೋದರೆ ನಮ್ಮ ಕಡೆ ಉಳಿಯುವುದು ಜಂಬಿಟ್ಟಿಗೆ ಕಲ್ಲು. ಅದಂತೂ ಬಿಸಿಲಿಗೆ ಇನ್ನಷ್ಟು ಗಟ್ಟಿಯಾಗುತ್ತದೆ.

ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನುವ ಅಧಿಕಾರಿಗಳು ಸೊರಬ ಒಂದರಲ್ಲೇ 171 ಕಾನುಗಳನ್ನು ಲೆಕ್ಕ ಹಾಕಿದ್ದರು. ಕಾಳುಮೆಣಸು, ಬೈನೆ, ಜೇನು ಎಲ್ಲ ಅಲ್ಲಿಂದಲೇ. ಕಾನಿನ ಕೆಳಗೆ ಕೆರೆ, ಕೆರೆಯ ಕೆಳಗೆ ಗದ್ದೆ. ಆ ಸಾಲಿನಲ್ಲಿ ಮೇಲಿನದು ಹೋದರೆ ಕೆಳಗಿನದು ತಾನಾಗಿ ಹೋಗುತ್ತದೆ. ಬೋರ್ ಕೊರೆಸಿದರೂ ಅಷ್ಟೇ. ಅದಕ್ಕೂ ಇಂಗಿದ ನೀರೇ ಬೇಕಲ್ವಾ?

ಓದುಗರು (ತೀರ್ಥಹಳ್ಳಿ):
ಅಕೇಶಿಯಾನೂ ಮರವೇ ಅಲ್ವಾ ಸರ್? ಬೋಳು ಗುಡ್ಡಕ್ಕಿಂತ ವಾಸಿ ಅನ್ನಿಸುತ್ತದೆ.

ಉತ್ತರ:
ಬೋಳು ಗುಡ್ಡಕ್ಕಿಂತ ವಾಸಿ, ಒಪ್ಪುತ್ತೇನೆ. ಕಡಿಯದೆ ಬಿಟ್ಟರೆ ವರ್ಷ ಕಳೆದಂತೆ ಅದರ ಬುಡದಲ್ಲೂ ನೀರು ಇಂಗುವುದು ಸುಧಾರಿಸುತ್ತದೆ. ಆದರೆ ಅದು ಬೇಗ ಬೆಳೆಯುವ ಮರ, ಇಂಗಿದ್ದರಲ್ಲಿ ತಾನೇ ಜಾಸ್ತಿ ಕುಡಿಯುತ್ತದೆ. ಎಲೆ ದಪ್ಪ, ಬೇಗ ಕೊಳೆಯುವುದಿಲ್ಲ. ಮತ್ತೆ ಬೆಳೆದ ಹಾಗೇ ಒಂದೇ ಸಲ ಕಡಿದು ನೆಲ ಬಯಲು ಮಾಡಿದರೆ ಆಗಿದ್ದ ಲಾಭವೂ ಹೋಯಿತು. ನನಗೆ ಹೊಟ್ಟೆ ಉರಿಯುವುದು ಅಲ್ಲೇ. ಇನ್ನೊಂದು, ಅದರಲ್ಲಿ ಮಂಗ ತಿನ್ನುವಂಥ ಹಣ್ಣಿಲ್ಲ. ನೇರಳೆ, ಹೆಬ್ಬಲಸು, ಮುರುಗಲು ಇದ್ದ ಗುಡ್ಡ ಹೋದ ಮೇಲೆ ಮಂಗ ನಿಮ್ಮ ತೋಟಕ್ಕಲ್ಲದೆ ಎಲ್ಲಿಗೆ ಹೋಗಬೇಕು? ಉಪ್ಪಾಗೆ, ಅಂಟುವಾಳ ಆರಿಸಿ ಮಾರುತ್ತಿದ್ದ ಮನೆಗಳಿಗೂ ಅಷ್ಟೇ, ಆ ದುಡ್ಡು ನಿಂತುಹೋಯಿತು.

ಓದುಗರು (ಸಾಗರ):
ನಮ್ಮದು ಸೊಪ್ಪಿನಬೆಟ್ಟ, ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು. ಕೊಟ್ಟಿಗೆಗೆ ದರಕು ಗುಡಿಸಿ ತರುವುದು ನಾನೇ. ಅದೂ ತಪ್ಪಾ? ಮಂಗನ ಕಾಯಿಲೆ ಭಯ ಬೇರೆ.

ಉತ್ತರ:
ತಪ್ಪಲ್ಲ ಅಕ್ಕ. ಸೊಪ್ಪು, ದರಕು ಇಲ್ಲದೆ ತೋಟ ನಡೆಯುವುದಿಲ್ಲ. ಆದರೆ ನೆಲ ಕಾಣುವ ಹಾಗೆ ಗುಡಿಸಬೇಡಿ. ಬೆಟ್ಟವನ್ನು ಮೂರು ಭಾಗ ಮಾಡಿ, ವರ್ಷಕ್ಕೆ ಒಂದು ಭಾಗದಲ್ಲಿ ಮಾತ್ರ ಗುಡಿಸಿ. ಅಬ್ಬಿಯ ತಲೆಯ ಜಾಗ ಮುಟ್ಟಲೇಬೇಡಿ.

ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ನಿಮ್ಮದೇ ತಾಲ್ಲೂಕಿನ ಅರಲಗೋಡಿನಲ್ಲಿ ಎಷ್ಟು ಸಂಕಟ ಕೊಟ್ಟಿತು, ನೋಡಿದ್ದೀರಿ. ಅದನ್ನು ಹರಡುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ. ಕಾಡು ಚೂರು ಚೂರಾದಷ್ಟೂ ಅಂಚು ಜಾಸ್ತಿ. ಆ ಅಂಚಿನಲ್ಲೇ ಮಂಗ, ದನ, ಉಣುಗು, ನಾವು ಎಲ್ಲ ಒಟ್ಟಿಗೆ ಓಡಾಡುತ್ತೇವೆ. ಸಾಧ್ಯವಾದರೆ ದರಕಿನ ಕೆಲಸ ಡಿಸೆಂಬರ್‌ನಿಂದ ಮೇವರೆಗೆ ಬೇಡ. ಹೋಗಲೇಬೇಕಾದರೆ ಮೈತುಂಬ ಬಟ್ಟೆ, ಕೈಕಾಲಿಗೆ ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ. ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಸ್ಪತ್ರೆಗೆ ತಿಳಿಸಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮರೆಯದೆ ಹೇಳಿ.

ಪ್ರಶ್ನೆ ಕೇಳಿದವರು:
ಡಬ್ಬದ ಪರೀಕ್ಷೆ ಮಾಡಿದೆವು ಸರ್. ತಮ್ಮ ಮಾತೇ ಆಡಲಿಲ್ಲ. ಈ ಮಳೆಗಾಲಕ್ಕೆ ಎಷ್ಟು ಗಿಡ ನೆಡಲಿ?

ಉತ್ತರ:
ಈ ವರ್ಷ ಗಿಡ ಬೇಡ. ಮೊದಲು ಬೆಂಕಿ ಮತ್ತು ದನ ಎರಡನ್ನೂ ತಡೆಯಿರಿ. ಜನವರಿಯೊಳಗೆ ಸುತ್ತ ಬೆಂಕಿಗೆರೆ ಸವರಿ. ಕೊಯ್ದ ಬುಡಗಳಲ್ಲಿ ಮತ್ತಿ, ಹೊನ್ನೆ ಇನ್ನೂ ಜೀವ ಹಿಡಿದಿರುತ್ತವೆ, ಎರಡು ಮಳೆಗಾಲದಲ್ಲಿ ತಾವೇ ಚಿಗುರುತ್ತವೆ. ಚಿಗುರದ ಕಡೆ ಮಾತ್ರ ಆಮೇಲೆ ನೇರಳೆ, ಹೆಬ್ಬಲಸಿನ ಬೀಜ ಊರಿ. ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡಬೇಡಿ, ಗುಡ್ಡ ಜಾರೀತು. ಜಾಗ ಇಲಾಖೆಯದಾದ್ದರಿಂದ ಗ್ರಾಮ ಅರಣ್ಯ ಸಮಿತಿಯ ಮೂಲಕ ಅರ್ಜಿ ಕೊಟ್ಟೇ ಶುರು ಮಾಡಿ. ಅಕೇಶಿಯಾ ಮತ್ತೆ ನೆಡಬೇಡಿ ಅಂತ ಅದರಲ್ಲೇ ಬರೆಯಿರಿ.

ಮತ್ತೆ ಅಬ್ಬಿಯ ಪೈಪಿಗೆ ಕೊಡ ಇಟ್ಟು, ತುಂಬಲು ಎಷ್ಟು ನಿಮಿಷ ಹಿಡಿಯಿತು ಅಂತ ಪ್ರತಿ ಅಮಾವಾಸ್ಯೆಗೆ ಕ್ಯಾಲೆಂಡರಿನಲ್ಲಿ ಬರೆದಿಡಿ. ಬರುವ ಶಿವರಾತ್ರಿಗೆ ಆ ಲೆಕ್ಕ ಇಲ್ಲಿ ಹಾಕಿ. ನಾನು ಕಾಯುತ್ತಿರುತ್ತೇನೆ.