ಟಚ್‌ಸ್ಕ್ರೀನ್ ಲ್ಯಾಪ್‌ಟಾಪಿನ ಬೆರಳಚ್ಚು, ಜಿಡ್ಡು, ಕಲೆ: ದುರಸ್ತಿ ತಂತ್ರಜ್ಞರೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಮಾನ್ಯ ಸದಸ್ಯರೇ, ಟಚ್‌ಸ್ಕ್ರೀನ್ ಲ್ಯಾಪ್‌ಟಾಪಿನ ಪರದೆಯನ್ನು ಶುಚಿಗೊಳಿಸುವ ಬಗ್ಗೆ ಗುಂಪಿನಲ್ಲಿ ವಾರವಿಡೀ ಬಂದ ಪ್ರಶ್ನೆಗಳಿಗೆ, ಲ್ಯಾಪ್‌ಟಾಪ್ ದುರಸ್ತಿಯನ್ನೇ ವೃತ್ತಿಯಾಗಿಸಿಕೊಂಡಿರುವ ನಮ್ಮ ಸದಸ್ಯರೊಬ್ಬರು ಇಂದು ಉತ್ತರಿಸಲು ಒಪ್ಪಿದ್ದಾರೆ. ಒಬ್ಬರು ಒಂದೇ ಪ್ರಶ್ನೆ ಕೇಳಬೇಕೆಂದೂ, ಉತ್ತರ ದೊರೆತಿರುವುದನ್ನು ಮತ್ತೆ ಕೇಳಬಾರದೆಂದೂ ವಿನಂತಿ.

ಶಿಕ್ಷಕಿ: ನಮಸ್ಕಾರ ಸರ್. ನನ್ನ ಲ್ಯಾಪ್‌ಟಾಪಿನ ಪರದೆಯನ್ನು ದಿನವೂ ಹತ್ತಾರು ಮಕ್ಕಳು ಮುಟ್ಟುತ್ತಾರೆ. ಒಣಬಟ್ಟೆಯಿಂದ ಒರೆಸಿದರೆ ಬೆರಳಚ್ಚು ಹೋಗುವ ಬದಲು ಜಿಡ್ಡು ಪರದೆಯ ತುಂಬ ಹರಡಿ ಮಂಜು ಕವಿದಂತಾಗುತ್ತದೆ. ಸರಿಯಾದ ಕ್ರಮ ಯಾವುದು?

ತಂತ್ರಜ್ಞ: ನಮಸ್ಕಾರ ಮೇಡಂ. ಜಿಡ್ಡು ಹರಡುತ್ತಿದ್ದರೆ ತಪ್ಪು ಪರದೆಯದಲ್ಲ, ಬಟ್ಟೆಯದು. ಅದು ಹಳೆಯ ಜಿಡ್ಡನ್ನೇ ಹೊತ್ತುಕೊಂಡಿದೆ. ಮೈಕ್ರೋಫೈಬರ್ ಬಟ್ಟೆಯನ್ನು ಸಾಬೂನಿನಲ್ಲಿ ಒಗೆದು, ಚೆನ್ನಾಗಿ ಜಾಲಿಸಿ, ನೆರಳಿನಲ್ಲಿ ಒಣಗಿಸಿ. ಬಟ್ಟೆ ಮೆದುಗೊಳಿಸುವ ದ್ರಾವಣವನ್ನು ಮಾತ್ರ ಹಾಕಬೇಡಿ, ಏಕೆಂದರೆ ಅದು ಎಳೆಗಳ ನಡುವೆ ಮೇಣದಂತೆ ಕುಳಿತು ಜಿಡ್ಡು ಹೀರುವ ಗುಣವನ್ನೇ ಕೆಡಿಸುತ್ತದೆ. ಒರೆಸುವ ಮುನ್ನ ಯಂತ್ರವನ್ನು ಪೂರ್ತಿ ಆರಿಸಿ, ಚಾರ್ಜರ್ ತೆಗೆದು, ಪರದೆ ತಣ್ಣಗಾಗುವವರೆಗೆ ಕಾಯಿರಿ. ಬಿಸಿ ಪರದೆಯ ಮೇಲೆ ನೀರು ಬೇಗ ಆರಿ ಗೆರೆ ಉಳಿಯುತ್ತದೆ. ಆರಿದ ಕಪ್ಪು ಪರದೆಯ ಮೇಲೆ ಕಲೆಯೂ ಚೆನ್ನಾಗಿ ಕಾಣುತ್ತದೆ. ಮೊದಲು ಒಣಬಟ್ಟೆಯಿಂದ, ಒತ್ತದೆ, ಧೂಳನ್ನಷ್ಟೇ ತೆಗೆಯಿರಿ. ಧೂಳಿನಲ್ಲಿರುವ ಸ್ಫಟಿಕದ ಕಣ ಗಾಜಿಗಿಂತ ಗಟ್ಟಿಯಾದದ್ದರಿಂದ ಅದರ ಸಮೇತ ಉಜ್ಜಿದರೆ ಗೀರು ಬೀಳುತ್ತದೆ. ಆಮೇಲೆ ಬಟ್ಟೆಯ ಒಂದು ಮೂಲೆಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತೇವ ಮಾಡಿಕೊಂಡು ಮೇಲಿನಿಂದ ಕೆಳಕ್ಕೆ ಒರೆಸಿ, ಒಣಮೂಲೆಯಿಂದ ಮುಗಿಸಿ. ನಲ್ಲಿಯ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿದ್ದರೆ ಆರಿದ ಮೇಲೆ ಬಿಳಿ ಚುಕ್ಕಿಗಳು ಉಳಿಯುತ್ತವೆ. ಬೆರಳಚ್ಚೆಂದರೆ ಬೆವರು ಮತ್ತು ಚರ್ಮದ ಎಣ್ಣೆ, ಅಷ್ಟೇ. ನೂರಕ್ಕೆ ತೊಂಬತ್ತು ಸಲ ಇದಕ್ಕಿಂತ ಹೆಚ್ಚಿನದೇನೂ ಬೇಕಾಗುವುದಿಲ್ಲ.

ವಿದ್ಯಾರ್ಥಿ: ಸರ್, ಟೂತ್‌ಪೇಸ್ಟ್ ಹಚ್ಚಿ ಹತ್ತಿಯಿಂದ ತಿಕ್ಕಿದರೆ ಕಲೆಯೂ ಗೀರೂ ಎರಡೂ ಮಾಯವಾಗುತ್ತವೆ ಎಂಬ ಸಂದೇಶ ಬಂದಿದೆ. ಅದು ನಿಜವೇ?

ತಂತ್ರಜ್ಞ: ಮಾಯವಾಗುವುದು ಪರದೆಯ ಲೇಪನ. ಟೂತ್‌ಪೇಸ್ಟಿನಲ್ಲಿ ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಡಿ ಇರುವುದೇ ಹಲ್ಲಿನ ಮೇಲಿನ ಪಾಚಿಯನ್ನು ಉಜ್ಜಿ ತೆಗೆಯಲೆಂದು. ಬೆರಳಚ್ಚು ಸುಲಭವಾಗಿ ಅಂಟದಂತೆ ಗಾಜಿನ ಮೇಲೆ ಹಾಕಿರುವ ಫ್ಲೋರಿನ್‌ಯುಕ್ತ ಪದರ ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ತೆಳು. ಅದು ಎಷ್ಟು ತಿಕ್ಕಾಟ ತಾಳೀತೆಂದು ನೀವೇ ಊಹಿಸಿ.

ಲೆಕ್ಕಪರಿಶೋಧಕರು: ಕಿಟಕಿಯ ಗಾಜು ಒರೆಸುವ ನೀಲಿ ದ್ರಾವಣವನ್ನು ಬಳಸಬಹುದೇ? ಇದೂ ಗಾಜೇ ಅಲ್ಲವೇ?

ತಂತ್ರಜ್ಞ: ಬೇಡ. ಅಂಥ ದ್ರಾವಣಗಳಲ್ಲಿ ಹಲವು ಅಮೋನಿಯಾ ಇರುವಂಥವು. ಕಿಟಕಿಯ ಗಾಜಿಗೆ ಲೇಪನವಿಲ್ಲ, ಪರದೆಯ ಗಾಜಿಗೆ ಇದೆ.

ಚಿತ್ರಕಲಾವಿದೆ: ಪೆನ್ನಿನಿಂದ ಬರೆಯುವಾಗ ಕಾಗದದ ಅನುಭವ ಬರಲೆಂದು ಪರದೆಗೆ ಒರಟು ಪದರವೊಂದನ್ನು ಅಂಟಿಸಿದ್ದೆ. ಅದನ್ನು ಕಿತ್ತ ಮೇಲೆ ಅಂಚಿನಲ್ಲಿ ಗೋಂದು ಉಳಿದಿದೆ. ಅದನ್ನು ಹೇಗೆ ತೆಗೆಯಬೇಕು?

ಅನುವಾದಕಿ: ಸರ್, ನನ್ನದು ಸ್ವಲ್ಪ ಆತಂಕದ ವಿಷಯ. ಮೂರು ದಿನಗಳ ಹಿಂದೆ ಕಿಟಕಿಯ ಗಾಜು ಒರೆಸುವ ಅಂಥದೇ ದ್ರಾವಣವನ್ನು ನೇರವಾಗಿ ಪರದೆಯ ಮೇಲೆ ಸಿಂಪಡಿಸಿ ಒರೆಸಿದೆ. ಅಂದು ಕನ್ನಡಿಯಂತೆ ಹೊಳೆಯಿತು. ಮರುದಿನ ಕೆಳಗಿನ ಎಡಮೂಲೆಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಮಸುಕು ಕಲೆ ಕಂಡಿತು. ಬೆರಳಚ್ಚೆಂದು ಎಷ್ಟು ಒರೆಸಿದರೂ ಹೋಗಲಿಲ್ಲ, ಇವತ್ತು ಅಂಗೈಯಷ್ಟಾಗಿದೆ. ಯಂತ್ರ ಆರಿಸಿದರೆ ಕಲೆಯೇ ಕಾಣುವುದಿಲ್ಲ. ಜೊತೆಗೆ ನಾನು ಮುಟ್ಟದಿದ್ದರೂ ಕಡತಗಳು ತಾವಾಗಿ ತೆರೆದುಕೊಳ್ಳುತ್ತಿವೆ. ಇನ್ನಷ್ಟು ಗಟ್ಟಿಯಾಗಿ ಒರೆಸಬೇಕೇ?

ತಂತ್ರಜ್ಞ: ಮೇಡಂ, ಇದನ್ನು ಆ ಲ್ಯಾಪ್‌ಟಾಪಿನಲ್ಲೇ ಓದುತ್ತಿದ್ದರೆ ದಯವಿಟ್ಟು ಈಗಲೇ ಆರಿಸಿ, ಚಾರ್ಜರ್ ತೆಗೆದು, ಮುಂದಿನದನ್ನು ಫೋನಿನಲ್ಲಿ ಓದಿ.

ನೀವು ಒರೆಸುತ್ತಿರುವ ಕಲೆ ಪರದೆಯ ಮೇಲಿಲ್ಲ, ಒಳಗಿದೆ. ಆರಿದ ಪರದೆಗೆ ಪಕ್ಕದಿಂದ ಬೆಳಕು ಬಿಟ್ಟಾಗ ಕಾಣುವುದು ಹೊರಗಿನ ಕಲೆ. ಆರಿದಾಗ ಅಡಗಿ, ಬಿಳಿ ಪುಟ ತೆರೆದಾಗ ಕಾಣುವುದು ಸಾಮಾನ್ಯವಾಗಿ ಒಳಗಿನದು. ನಿಮ್ಮದು ಎರಡನೆಯ ಬಗೆ, ಅದೂ ಬೆಳೆಯುತ್ತಿರುವಂಥದ್ದು. ಸಿಂಪಡಿಸಿದ ಹನಿಗಳು ಗಾಜಿನ ಮೇಲೆ ಜಾರಿ ಕೆಳಗಿನ ಅಂಚಿಗೆ ಇಳಿದಿವೆ; ಗಾಜಿಗೂ ಚೌಕಟ್ಟಿಗೂ ನಡುವಿನ ಎಳೆಯಷ್ಟು ಸಂದಿಯೊಳಕ್ಕೆ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ, ಸೇರಿಕೊಂಡಿವೆ. ಪರದೆಯ ಹಿಂದೆ ಬೆಳಕನ್ನು ಸಮನಾಗಿ ಹರಡುವ ತೆಳುಹಾಳೆಗಳು ಒಂದರ ಮೇಲೊಂದು ಇರುತ್ತವೆ. ಅವುಗಳ ನಡುವೆ ತೇವ ಹಬ್ಬುತ್ತಾ ಹೋದರೆ ನೀವು ವರ್ಣಿಸಿದಂಥ ಮೋಡವೇ ಮೂಡುವುದು.

ಕಲೆಗಿಂತ ನನಗೆ ಚಿಂತೆ ಹುಟ್ಟಿಸುತ್ತಿರುವುದು ತಾವಾಗಿ ತೆರೆದುಕೊಳ್ಳುವ ಕಡತಗಳು. ಬೆರಳು ತಾಗಿದಾಗ ವಿದ್ಯುತ್ ಧಾರಕತೆಯಲ್ಲಿ, ಅಂದರೆ ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯದಲ್ಲಿ, ಆಗುವ ಸಣ್ಣ ಬದಲಾವಣೆಯನ್ನು ಗುರುತಿಸಿ ಟಚ್‌ಸ್ಕ್ರೀನ್ ಕೆಲಸ ಮಾಡುತ್ತದೆ. ತೇವವೂ ಅಂಥದೇ ಬದಲಾವಣೆ ಉಂಟುಮಾಡುವುದರಿಂದ ಯಂತ್ರ ಅದನ್ನು ಬೆರಳೆಂದು ಭ್ರಮಿಸುತ್ತದೆ. ಹಾಗಾದರೆ ತೇವ ಹಾಳೆಗಳಲ್ಲಷ್ಟೇ ಇಲ್ಲ, ಸ್ಪರ್ಶದ ತಂತಿಗಳಿರುವ ಕಡೆಯೂ ತಲುಪಿರುವಂತಿದೆ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ನಿಯಂತ್ರಣ ಫಲಕವೂ ಅದರ ಪಟ್ಟಿತಂತಿ ಸೇರುವ ಕನೆಕ್ಟರೂ ಇರುವುದು ಅದೇ ಕೆಳಗಿನ ಅಂಚಿನ ಹಿಂದೆ. ಹಿಂಬೆಳಕಿಗೆ ಹೋಗುವ ವಿದ್ಯುತ್ತು ಅನೇಕ ಯಂತ್ರಗಳಲ್ಲಿ ಹತ್ತಾರು ವೋಲ್ಟ್‌ಗಳಷ್ಟಿದ್ದು, ಕೆಲವೇ ವೋಲ್ಟ್ ತಾಳುವ ಸಂಕೇತದ ಪಿನ್ನುಗಳ ಪಕ್ಕದಲ್ಲೇ ಹಾದುಹೋಗುತ್ತದೆ. ನಡುವೆ ತೇವ ಸೇತುವೆಯಾಯಿತೆಂದರೆ ಹಾಳಾಗುವುದು ಪರದೆ ಮಾತ್ರವಲ್ಲ. ವಿದ್ಯುತ್ ಹರಿಯುತ್ತಿರುವಾಗ ತೇವ ಸೋಕಿದ ಲೋಹ ಬಹಳ ಬೇಗ ತುಕ್ಕು ಹಿಡಿಯುತ್ತದೆ. ಆರಿಸಿ ಎಂದು ನಾನು ಅವಸರಪಡಿಸುತ್ತಿರುವುದು ಅದಕ್ಕೇ.

ಹೇರ್ ಡ್ರೈಯರ್ ಹಿಡಿಯಬೇಡಿ, ಬಿಸಿಲಿಗೂ ಇಡಬೇಡಿ. ಬಿಸಿಯಿಂದ ಅಂಟು ಸಡಿಲಗೊಂಡು ಹಾಳೆಗಳು ಸೊಟ್ಟಗಾಗುತ್ತವೆ. ತಲೆಕೆಳಗಾಗಿಯೂ ನಿಲ್ಲಿಸಬೇಡಿ, ಅಂಚಿನಲ್ಲಿರುವುದು ಪರದೆಯ ನಡುವಿಗೆ ಹರಿಯುತ್ತದೆ. ಮುಚ್ಚಳ ತೆರೆದು, ಗಾಳಿಯಾಡುವ ಕಡೆ ನೇರವಾಗಿ ಇಟ್ಟಿರಿ. ಚೌಕಟ್ಟು ತೆಗೆದು ಕನೆಕ್ಟರನ್ನು ಶುಚಿಗೊಳಿಸಬಲ್ಲವರ ಬಳಿಗೆ ಒಯ್ದು, ಏನನ್ನು ಸಿಂಪಡಿಸಿದಿರೆಂದು ಮುಚ್ಚಿಡದೆ ಹೇಳಿ. ಕೆಲಸದ ಕಡತಗಳು ತುರ್ತಾಗಿ ಬೇಕಿದ್ದರೆ, ಪರದೆಯ ತಂತಿಯನ್ನು ಬಿಡಿಸಿ ಹೊರಗಿನ ಮಾನಿಟರಿಗೆ ಜೋಡಿಸಿ ತೆಗೆದುಕೊಡುವಂತೆ ಅವರನ್ನೇ ಕೇಳಿ. ಇಂದು ರಾತ್ರಿ ಕೆಲಸವಿದೆಯೆಂದು ಮತ್ತೊಮ್ಮೆ ಆನ್ ಮಾಡಬೇಡಿ.

ಅನುವಾದಕಿ: ಆರಿಸಿದೆ ಸರ್. ಕೈ ನಡುಗುತ್ತಿದೆ. ನಾಳೆಯೇ ಒಯ್ಯುತ್ತೇನೆ.

ನಿವೃತ್ತ ಅಧಿಕಾರಿ: ಅಕ್ಕಿಯ ಡಬ್ಬಿಯಲ್ಲಿ ಎರಡು ದಿನ ಹುಗಿದಿಟ್ಟರೆ ತೇವವೆಲ್ಲ ಹೀರಿಕೊಳ್ಳುತ್ತದೆ ಎಂದು ನನ್ನ ಇನ್ನೊಂದು ಗುಂಪಿನಲ್ಲಿ ಬಂದಿದೆ. ಇಲ್ಲಿಯೂ ಹಾಕಲೇ?

ತಂತ್ರಜ್ಞ: ದಯವಿಟ್ಟು ಹಾಕಬೇಡಿ. ಮುಚ್ಚಿದ ಪರದೆಯೊಳಗಿನ ತೇವವನ್ನು ಅಕ್ಕಿ ಎಳೆದುಕೊಳ್ಳುವುದಿಲ್ಲ. ಅಕ್ಕಿಯ ಹುಡಿ ಮಾತ್ರ ತೂತುಗಳೊಳಗೆ ಸೇರುತ್ತದೆ. ನೀರು ಆರಿದರೂ ದ್ರಾವಣದ ರಾಸಾಯನಿಕ ಕನೆಕ್ಟರಿನ ಮೇಲೆ ಉಳಿದೇ ಇರುತ್ತದೆ.

ಗೃಹಿಣಿ: ವಿನೆಗರ್ ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ಒರೆಸಬಹುದೇ?

ತಂತ್ರಜ್ಞ: ಅಗತ್ಯವಿಲ್ಲ. ತಯಾರಕರ ಕೈಪಿಡಿಯಲ್ಲಿ ಹೇಳಿಲ್ಲದ ಆಮ್ಲವನ್ನು ಲೇಪನದ ಮೇಲೆ ಪ್ರಯೋಗಿಸುವುದೇಕೆ?

ಛಾಯಾಗ್ರಾಹಕ: ಶುಚಿಗೊಳಿಸಲು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ವಿಷಯವನ್ನು ಯಾರೂ ಎತ್ತಿಲ್ಲ. ಅದನ್ನು ಪರದೆಯ ಹತ್ತಿರವೂ ತರಬಾರದು. ಹಳೆಯ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಬಳಸಿ, ಪರದೆಯ ನಡುವೆ ಬಿಳಿಚಿದ ಪಟ್ಟೆಯೊಂದನ್ನು ಶಾಶ್ವತವಾಗಿ ಪಡೆದಿದ್ದೇನೆ.

ಪ್ರಯೋಗಾಲಯ ಸಹಾಯಕ: ತಮ್ಮ ಅನುಭವದ ಬಗ್ಗೆ ಗೌರವವಿದೆ, ಆದರೆ ಮಾತು ತಪ್ಪು. ಆಪಲ್ ಸಂಸ್ಥೆಯೇ 2020ರ ಮಾರ್ಚ್‌ನಲ್ಲಿ, ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಒರೆಬಟ್ಟೆಯಿಂದ ಪರದೆಯಂಥ ಗಟ್ಟಿ ಮೇಲ್ಮೈಗಳನ್ನು ಮೃದುವಾಗಿ ಒರೆಸಬಹುದು ಎಂದು ತನ್ನ ಸೂಚನೆಗಳಲ್ಲಿ ಸೇರಿಸಿತು. ನಾನು ದಿನವೂ ಒರೆಸುತ್ತೇನೆ, ಏನೂ ಆಗಿಲ್ಲ.

ಛಾಯಾಗ್ರಾಹಕ: ಸೋಂಕಿನ ಭಯದ ಕಾಲದಲ್ಲಿ ಕೊಟ್ಟ ಅನುಮತಿಯನ್ನು ದಿನಚರಿಯೆಂದು ಬೋಧಿಸಬೇಡಿ. ಒರೆಸಬಹುದು ಎಂದರೆ ದಿನವೂ ಒರೆಸಿ ಎಂದಲ್ಲ.

ಪ್ರಯೋಗಾಲಯ ಸಹಾಯಕ: ಬೋಧಿಸುತ್ತಿರುವವರು ತಾವು. ಒಂದು ಯಂತ್ರ ಕೆಡಿಸಿಕೊಂಡವರು ರಸಾಯನಶಾಸ್ತ್ರವನ್ನೇ ಬರೆಯಹೊರಟರೆ ಏನು ಮಾಡುವುದು?

ಛಾಯಾಗ್ರಾಹಕ: ಮಸೂರಗಳನ್ನು ಒರೆಸುತ್ತಾ ಬಂದವನು ನಾನು. ಲೇಪನ ಎಂದರೇನೆಂದು ತಮ್ಮಿಂದ ಕಲಿಯಬೇಕಾಗಿಲ್ಲ.

ನಿರ್ವಾಹಕರು: ಇಬ್ಬರೂ ದಯವಿಟ್ಟು ವೈಯಕ್ತಿಕ ಮಾತುಗಳನ್ನು ಬಿಡಬೇಕು.

ತಂತ್ರಜ್ಞ: ಇಬ್ಬರೂ ಬೇರೆ ಬೇರೆ ಪರದೆಯ ಬಗ್ಗೆ ಜಗಳವಾಡುತ್ತಿದ್ದೀರಿ. ಸ್ಪರ್ಶ ಸೌಲಭ್ಯವಿಲ್ಲದ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಹೊರಗಿರುವುದು ಗಾಜಲ್ಲ, ಪ್ಲಾಸ್ಟಿಕ್ ಪದರ. ಅದರ ಮೇಲೆ ಆಲ್ಕೋಹಾಲ್ ಹಾಕಿ ತಿಕ್ಕಿದರೆ ಬಿಳಿಚಿಕೊಳ್ಳುವುದುಂಟು. ಟಚ್‌ಸ್ಕ್ರೀನ್‌ಗಳಲ್ಲಿ ಹೆಚ್ಚಿನವಕ್ಕೆ ಗಾಜು ಇದ್ದರೂ, ಹೊಳಪಿಲ್ಲದ ಪ್ಲಾಸ್ಟಿಕ್ ಮೇಲ್ಮೈಯವೂ ಇವೆ. ಆದ್ದರಿಂದ ಮೊದಲು ನಿಮ್ಮ ಮಾದರಿಯ ಕೈಪಿಡಿ ನೋಡಿ. ಗಾಜಿದ್ದು, ತಯಾರಕರು ಒಪ್ಪಿದ್ದು, ನೀರಿಗೆ ಬಗ್ಗದ ಜಿಡ್ಡಿದ್ದರೆ ಮಾತ್ರ, ಬಟ್ಟೆಗೆ ಸ್ವಲ್ಪ ಹಾಕಿಕೊಂಡು ಆಲ್ಕೋಹಾಲ್ ಬಳಸಿ. ಅದು ಬೆಂಕಿ ಹಿಡಿಯುವ ದ್ರವ ಎಂಬುದೂ ನೆನಪಿರಲಿ. ದಿನವೂ ಬೇಕಿಲ್ಲ. ಅಸಿಟೋನ್, ಬ್ಲೀಚ್ ಯಾವ ಪರದೆಗೂ ಬೇಡ.

ಚಿತ್ರಕಲಾವಿದೆ: ಸರ್, ಗೋಂದಿನ ಬಗ್ಗೆ ಕೇಳಿದ್ದೆ.

ಬ್ಯಾಂಕ್ ನೌಕರ: ಕೈಗೆ ಹಚ್ಚುವ ಸ್ಯಾನಿಟೈಸರ್‌ನಲ್ಲಿಯೂ ಆಲ್ಕೋಹಾಲೇ ಇರುವುದರಿಂದ ಅದನ್ನೇ ಬಳಸಬಹುದಲ್ಲವೇ?

ತಂತ್ರಜ್ಞ: ಬಳಸಬಾರದು. ಅದರಲ್ಲಿರುವ ಗ್ಲಿಸರಿನ್ ಮತ್ತು ಲೋಳೆಯ ಅಂಶ ಅಂಟಿನ ಪದರವಾಗಿ ಉಳಿಯುತ್ತದೆ.

ಪತ್ರಕರ್ತ: ನನ್ನ ಪರದೆಯ ಮೇಲೆ ಸಾಲುಸಾಲಾಗಿ ಚಿಕ್ಕ ಚೌಕಗಳು ಮೂಡಿವೆ. ಬೆರಳಿನಿಂದ ಆದವುಗಳಲ್ಲ. ಎರಡು ಬಾರಿ ಒರೆಸಿದೆ. ಕೆಲವು ಹೋದವು, ಕೆಲವು ಹಾಗೆಯೇ ಇವೆ.

ತಂತ್ರಜ್ಞ: ಇದು ಕುತೂಹಲದ ಪ್ರಕರಣ, ಏಕೆಂದರೆ ನಿಮ್ಮ ಪರದೆಯ ಮೇಲೆ ಎರಡು ರೋಗಗಳು ಒಂದೇ ವೇಷದಲ್ಲಿವೆ. ಚೌಕಗಳು ಕೀಲಿಮಣೆಯ ಅಚ್ಚು. ಮುಚ್ಚಳ ಮುಚ್ಚಿ ಚೀಲದಲ್ಲಿ ಒತ್ತಿಟ್ಟಾಗ ಕೀಲಿಗಳ ಮೇಲಿನ ಜಿಡ್ಡು ಪರದೆಗೆ ಮುದ್ರೆಯಂತೆ ಬೀಳುತ್ತದೆ. ಒರೆಸಿದಾಗ ಹೋದವು ಆ ಜಿಡ್ಡು. ಉಳಿದವುಗಳನ್ನು ಪರದೆ ಆರಿಸಿ ಓರೆಯಾಗಿ ನೋಡಿ: ಚೌಕದ ಒಳಗಿನ ಹೊಳಪು ಸುತ್ತಲಿನದಕ್ಕಿಂತ ಬೇರೆಯಾಗಿ, ಅಂಚಿನಲ್ಲಿ ನೀಲಿಯೋ ನೇರಳೆಯೋ ಛಾಯೆ ಕಂಡರೆ ಅಲ್ಲಿ ಪ್ರತಿಫಲನ ತಡೆಯುವ ಲೇಪನ ಸವೆದುಹೋಗಿದೆ. ಅದು ಅಂಟಿಕೊಂಡ ವಸ್ತುವಲ್ಲ, ಇಲ್ಲವಾದ ವಸ್ತು. ಇಲ್ಲದಿರುವುದನ್ನು ಒರೆಸಿ ತೆಗೆಯಲಾಗದು. ಹಟ ಹಿಡಿದು ಉಜ್ಜಿದರೆ ಅಂಚಿನ ಲೇಪನವೂ ಎದ್ದು ಚೌಕ ದೊಡ್ಡದಾಗುತ್ತದೆ. ಯಂತ್ರ ಆನ್ ಇದ್ದಾಗ ಅದು ತೊಂದರೆ ಕೊಡದಿದ್ದರೆ ಹಾಗೆಯೇ ಬಿಡಿ. ಇನ್ನು ಮುಂದೆ ಪರದೆಗಿಂತ ಹೆಚ್ಚಾಗಿ ಕೀಲಿಗಳನ್ನು ಒರೆಸಿ. ನಡುವೆ ದಪ್ಪ ಬಟ್ಟೆ ಇಟ್ಟು ಮುಚ್ಚುವ ಸಲಹೆಯನ್ನು ಯಾರಾದರೂ ಕೊಟ್ಟಾರು. ತೆಳು ಯಂತ್ರಗಳಲ್ಲಿ ಹಾಗೆ ಮುಚ್ಚಿ ಗಾಜು ಬಿರುಕು ಬಿಟ್ಟದ್ದನ್ನು ನಾನೇ ಕಂಡಿದ್ದೇನೆ.

ನಿವೃತ್ತ ಅಧಿಕಾರಿ: ಟೂತ್‌ಪೇಸ್ಟಿನಿಂದ ಆ ಚೌಕಗಳು ಹೋಗಬಹುದೇನೋ?

ತಂತ್ರಜ್ಞ: ಮೇಲಿನ ಉತ್ತರ ಓದಿ.

ಕಾಲೇಜು ವಿದ್ಯಾರ್ಥಿನಿ: ಟಿಶ್ಯೂ ಕಾಗದದಿಂದ ಒರೆಸಬಹುದೇ ಸರ್?

ತಂತ್ರಜ್ಞ: ಬೇಡ. ಮರದ ನಾರು, ಧೂಳು ಬಿಡುತ್ತದೆ. ಮೈಕ್ರೋಫೈಬರ್.

ಲೆಕ್ಕಪರಿಶೋಧಕರು: ಅಮೋನಿಯಾ ಇಲ್ಲ ಎಂದು ಬರೆದಿರುವ ಗಾಜಿನ ದ್ರಾವಣವಾದರೆ?

ತಂತ್ರಜ್ಞ: ಒಬ್ಬರಿಗೆ ಒಂದೇ ಪ್ರಶ್ನೆ ಎಂದಿದ್ದರು. ನೀರು ಸಾಕು ಎಂದು ಮೊದಲ ಉತ್ತರದಲ್ಲೇ ಬರೆದಿದ್ದೇನೆ.

ನಿವೃತ್ತ ಅಧಿಕಾರಿ: ತಿಳಿದವರು ಇಷ್ಟು ಖಾರವಾಗಿ ಉತ್ತರಿಸುವುದು ಶೋಭೆಯಲ್ಲ. ಸಂದೇಶಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಳುಹಿಸುತ್ತೇವೆ.

ತಂತ್ರಜ್ಞ: ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ ಸರ್. ಆ ಸಂದೇಶಗಳನ್ನು ನಂಬಿದವರ ಯಂತ್ರಗಳು ನನ್ನ ಮೇಜಿನ ಮೇಲೆ ಬಂದು ಕೂರುತ್ತವೆ, ನನ್ನ ಬೇಸರ ಅಷ್ಟೇ.

ಛಾಯಾಗ್ರಾಹಕ: ಆಲ್ಕೋಹಾಲ್ ವಿಷಯದಲ್ಲಿ ಕೊನೆಗೂ ದಿನವೂ ಬೇಕಿಲ್ಲ ಎಂದೇ ತೀರ್ಮಾನವಾಯಿತಲ್ಲ. ಸಹಾಯಕರು ಈಗ ಒಪ್ಪಬಹುದು.

ಪ್ರಯೋಗಾಲಯ ಸಹಾಯಕ: ಹತ್ತಿರವೂ ತರಬಾರದು ಎಂದವರು ತಾವು. ಒಪ್ಪಬೇಕಾದವರು ಯಾರೆಂದು ಓದಿದವರಿಗೆ ತಿಳಿಯುತ್ತದೆ.

ಅನುವಾದಕಿ (ಮರುದಿನ): ಸರ್, ಯಂತ್ರವನ್ನು ಬಿಚ್ಚಿಸಿದೆ. ಕನೆಕ್ಟರಿನ ಮೂಲೆಯಲ್ಲಿ ಬಿಳಿಯ ಪೊರೆ ಕಟ್ಟಿತ್ತು. ಅದನ್ನು ಶುಚಿಗೊಳಿಸಿದ ಮೇಲೆ ಕಡತಗಳು ತಾವಾಗಿ ತೆರೆಯುವುದು ನಿಂತಿದೆ. ಮೋಡದಂಥ ಕಲೆ ಮಾತ್ರ ಅಂಚು ಕಟ್ಟಿದಂತೆ ಉಳಿದಿದೆ. ಪರದೆಯನ್ನೇ ಬದಲಾಯಿಸಬೇಕೇ?

ತಂತ್ರಜ್ಞ: ಕನೆಕ್ಟರ್ ಉಳಿಯಿತಲ್ಲ, ಅದೇ ದೊಡ್ಡದು. ಉಳಿದ ಅಂಚು ಹಾಳೆಗಳ ನಡುವೆ ದ್ರಾವಣ ಆರಿದ ಗುರುತು. ತಾನಾಗಿ ಹೋಗುವುದಿಲ್ಲ, ಇನ್ನು ಬೆಳೆಯಲೂಬಾರದು. ಅದರ ಸುತ್ತಳತೆಯನ್ನು ಇಂದು ಫೋಟೋ ತೆಗೆದಿಟ್ಟುಕೊಂಡು ಎರಡು ವಾರ ಬಿಟ್ಟು ಹೋಲಿಸಿ. ಬೆಳೆದಿದ್ದರೆ, ಅಥವಾ ಸ್ಪರ್ಶದ ತೊಂದರೆ ಮರುಕಳಿಸಿದರೆ, ಮತ್ತೆ ಬಿಚ್ಚಿಸಲೇಬೇಕು. ಇಲ್ಲವಾದರೆ ಬದಲಾಯಿಸುವುದು ಬಿಡುವುದು ನಿಮ್ಮ ಕಣ್ಣಿಗೆ ಬಿಟ್ಟದ್ದು. ಸ್ಪರ್ಶದ ತೊಂದರೆ ಕೆಲಸದ ನಡುವೆ ಬಂದರೆ, ವಿಂಡೋಸ್ ಯಂತ್ರವಾದಲ್ಲಿ ಡಿವೈಸ್ ಮ್ಯಾನೇಜರ್‌ನಲ್ಲಿ ಟಚ್‌ಸ್ಕ್ರೀನನ್ನು ನಿಷ್ಕ್ರಿಯಗೊಳಿಸಿ, ಕಡತ ಉಳಿಸಿ, ಕೂಡಲೇ ಆರಿಸಿ.

ಅನುವಾದಕಿ: ಇನ್ನು ಒರೆಸುವಾಗ ಬಟ್ಟೆ ಎಷ್ಟು ಒದ್ದೆ ಇರಬೇಕು ಸರ್? ತೇವ ಎಂದರೆ ಎಷ್ಟೆಂದು ಈಗ ಭಯವಾಗುತ್ತದೆ.

ತಂತ್ರಜ್ಞ: ಹಿಂಡಿದ ಬಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬೆರಳಿಗೆ ತಂಪು ತಾಗಬೇಕು, ನೀರು ಅಂಟಬಾರದು. ಅಂಟಿದರೆ ಇನ್ನೊಮ್ಮೆ ಹಿಂಡಿ. ಕೆಳಗಿನ ಅಂಚಿನ ಎರಡು ಬೆರಳಿನಷ್ಟು ಜಾಗವನ್ನು ಒಣಬಟ್ಟೆಯಿಂದಷ್ಟೇ ಒರೆಸಿ.

ಚಿತ್ರಕಲಾವಿದೆ: ಮೂರನೆಯ ಬಾರಿ ಕೇಳುತ್ತಿದ್ದೇನೆ. ಪರದೆಯ ಅಂಚಿನ ಗೋಂದು ಇನ್ನೂ ಅಲ್ಲಿಯೇ ಇದೆ.