ಟರ್ಬೊ ಇಡುವುದೋ, ಹಾಕುವುದೋ, ಅಳವಡಿಸುವುದೋ?

ಪದಚರ್ಚೆಯ ಬಳಗಕ್ಕೆ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದಿಂದ ಬರೆಯುತ್ತಿದ್ದೇನೆ. ಒಂದು ಅರ್ಜಿಗೆ ಬೇಕಾದ ನಾಲ್ಕೈದು ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ನನ್ನ ಭಾವನ ಹತ್ತಿರ ಹಳೆಯ ಮರ್ಸಿಡಿಸ್ ಇ220 ಇದೆ. 1995ರಲ್ಲಿ ಆ ಕಂಪನಿ ಪುಣೆಯಲ್ಲಿ ಕಾರು ಜೋಡಿಸಲು ತೊಡಗಿದಾಗಿನ ಸಾಲಿನದು, ಪೆಟ್ರೋಲ್ ಗಾಡಿ. ಅವನು ಅದನ್ನು ಮನೆಯ ಹಸುವಿನಷ್ಟು ಅಕ್ಕರೆಯಿಂದ ನೋಡಿಕೊಳ್ಳುತ್ತಾನೆ. ಆದರೆ ಮುಳ್ಳೇರಿಯ ಕಡೆಗಿನ ಏರುದಾರಿಯಲ್ಲಿ ಐದು ಜನ ಕುಳಿತರೆ ಅದು ಮೊದಲಿನಂತೆ ಹತ್ತುವುದಿಲ್ಲ. ಕಳೆದ ತಿಂಗಳು ಬಂದು, “ಭಾವ, ಗಾಡಿಗೆ ದಮ್ಮು ಸಾಲದು. ಟರ್ಬೊ ಇಡಿಸಬೇಕೆಂದಿದ್ದೇನೆ. ಸಾರಿಗೆ ಕಚೇರಿಗೆ ಮೊದಲು ಒಂದು ಕಾಗದ ಬರೆದು ಕೇಳೋಣ, ಕನ್ನಡದಲ್ಲಿಯೇ ಬರೆದುಕೊಡು” ಎಂದ. ಟರ್ಬೊ ಎಂದರೆ ಎಂಜಿನ್ನಿನೊಳಕ್ಕೆ ಹೆಚ್ಚು ಗಾಳಿಯನ್ನು ಒತ್ತಿ ತುಂಬಿ ಅದರ ಬಲ ಏರಿಸುವ ಸಾಧನ. ಕಾಸರಗೋಡಿನ ಕನ್ನಡಿಗರು ಕನ್ನಡದಲ್ಲಿ ಅರ್ಜಿ ಬರೆಯುವುದು ಹಕ್ಕಿನ ಮಾತು. ಆ ಹಕ್ಕನ್ನು ಬಳಸುತ್ತಿದ್ದರೆ ಮಾತ್ರ ಅದು ಉಳಿಯುತ್ತದೆ ಎಂದು ನಂಬಿದವನು ನಾನು. ಸಂತೋಷದಿಂದಲೇ ಒಪ್ಪಿದೆ. ಬರೆಯಲು ಕುಳಿತಾಗ ಮೊದಲ ಸಾಲಿನಲ್ಲಿಯೇ ಪೆನ್ನು ನಿಂತಿತು.

ಮೊದಲನೆಯ ತೊಡಕು ಕ್ರಿಯಾಪದದ್ದು. ಭಾವ ‘ಇಡಿಸಬೇಕು’ ಎಂದ. ಪೇಟೆಯ ಮೆಕ್ಯಾನಿಕ್ ಮಲಯಾಳದಲ್ಲಿ ‘ಟರ್ಬೊ ವೆಚ್ಚಾಲ್ ವಲಿವು ಕೂಡುಂ’ ಎಂದಿದ್ದರು, ಅಂದರೆ ಟರ್ಬೊ ಇಟ್ಟರೆ ಎಳೆತ ಹೆಚ್ಚುತ್ತದೆ. ಮನೆಯ ಹವ್ಯಕ ಮಾತಿನಲ್ಲಿ ನಾವು ‘ಮಡುಗು’ ಎನ್ನುತ್ತೇವೆ, ಅದೂ ಇಡುವುದೇ. ಮೈಸೂರು, ಬೆಂಗಳೂರು ಕಡೆಯವರು ‘ಹಾಕಿಸು’ ಎನ್ನುತ್ತಾರೆ. ಇವೆಲ್ಲ ಬಾಯಿಮಾತಿಗೆ ಸರಿ. ಆದರೆ ಕಪಾಟಿನ ಮೇಲೆ ಡಬ್ಬಿ ಇಟ್ಟಂತೆ ಎಂಜಿನ್ನಿನ ಪಕ್ಕದಲ್ಲಿ ಟರ್ಬೊ ಇಡಲು ಬರುವುದಿಲ್ಲ.

ಇಲ್ಲಿ ನನಗೆ ‘ಅಳವಡಿಸು’ ಎಂಬ ಮಾತು ಹೊಸದಾಗಿ ಕಂಡಿತು. ಸುತ್ತೋಲೆಗಳಲ್ಲಿ ಓದಿ ಓದಿ ಅದು ಸವೆದುಹೋಗಿದೆ, ‘ಹಾಕು’ ಎಂಬುದರ ಇಸ್ತ್ರಿ ಮಾಡಿದ ರೂಪ ಎಂದೇ ತಿಳಿದಿದ್ದೆ. ಬಿಡಿಸಿ ನೋಡಿದರೆ ಅಳವು ಮತ್ತು ಪಡು. ಅಳವು ಎಂದರೆ ಅಳತೆ, ಸಾಮರ್ಥ್ಯ. ಹಳಗನ್ನಡದ ‘ಅಳವಡು’ ಎಂದರೆ ಅಳತೆಗೆ ಒಳಪಡು, ಹೊಂದಿಕೊಳ್ಳು, ಒಪ್ಪು. ಹಾಗಾದರೆ ಅಳವಡಿಸುವುದೆಂದರೆ ಒಂದರ ಅಳವಿಗೆ ಇನ್ನೊಂದನ್ನು ತರುವುದು. ಹಳೆಯ ಕಾರಿಗೆ ಟರ್ಬೊ ಬರುವಾಗ ನಡೆಯಬೇಕಾದದ್ದು ನಿಖರವಾಗಿ ಇದೇ.

ಯಾಕೆಂದರೆ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಗಾಳಿಯನ್ನು ತಾನೇ ಎಳೆದುಕೊಂಡು, ಹತ್ತು ಪಾಲನ್ನು ಒಂದು ಪಾಲಿನ ಜಾಗಕ್ಕೆ ಅದುಮುವಂತೆ ಕಟ್ಟಿದ್ದು. ಆ ಕಾಲದ ಕಾರುಗಳಲ್ಲಿ ಈ ಅನುಪಾತ ಸಾಮಾನ್ಯವಾಗಿ 10:1ರ ಆಸುಪಾಸಿನಲ್ಲಿತ್ತು. ಅದಕ್ಕೆ ಹೊರಗಿನಿಂದ ಇನ್ನಷ್ಟು ಗಾಳಿಯನ್ನು ಒತ್ತಿ ತುಂಬಿದರೆ ಒಳಗಿನ ಬಿಸಿಯೂ ಒತ್ತಡವೂ ಏರಿ, ಪೆಟ್ರೋಲ್ ಮಿಶ್ರಣ ತನ್ನ ಸರದಿಗೆ ಮೊದಲೇ ಹೊತ್ತಿಕೊಳ್ಳುತ್ತದೆ. ಎಂಜಿನ್ ಕುಟ್ಟುತ್ತದೆ, ಬಿಟ್ಟರೆ ಪಿಸ್ಟನ್ ಒಡೆಯುತ್ತದೆ. ಆದ್ದರಿಂದ ಅದುಮುವ ಅನುಪಾತವನ್ನು ತಗ್ಗಿಸಬೇಕು, ಇಲ್ಲವೇ ಒತ್ತುವ ಗಾಳಿಯನ್ನು ಮಿತಿಯಲ್ಲಿಡಬೇಕು. ಪೆಟ್ರೋಲ್ ಹೆಚ್ಚು ಚಿಮ್ಮಬೇಕು, ಕಿಡಿ ಹಾರುವ ಗಳಿಗೆ ಬದಲಾಗಬೇಕು, ಟರ್ಬೊದ ಬೇರಿಂಗಿಗೆ ಎಣ್ಣೆ ಹೋಗಿ ಬರುವ ಕೊಳವೆ ಬೇಕು, ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಬೇಕು. ಕ್ಲಚ್ಚು, ಗೇರುಪೆಟ್ಟಿಗೆ, ಬ್ರೇಕು ಎಲ್ಲವೂ ಹೊಸ ಬಲದ ಅಳವಿಗೆ ಬರಬೇಕು. 1978ರಲ್ಲಿ ಇದೇ ಕಂಪನಿ 300 ಎಸ್‌ಡಿ ಎಂಬ ಡೀಸೆಲ್ ಕಾರಿಗೆ ಟರ್ಬೊ ಕೊಟ್ಟಾಗ ಪಿಸ್ಟನ್ನುಗಳ ಅಡಿಗೆ ಎಣ್ಣೆ ಚಿಮ್ಮಿಸಿ ತಂಪು ಮಾಡುವ ಏರ್ಪಾಡನ್ನೂ ಮಾಡಿತ್ತು. ಅದು ಅಳವಡಿಕೆ. ಇಷ್ಟು ಹೇಳಿದ ಮೇಲೆ ಭಾವನೂ ಸ್ವಲ್ಪ ಯೋಚನೆಗೆ ಬಿದ್ದ.

ಎರಡನೆಯದು ಹೆಸರು. ‘ಟರ್ಬೊ’ವನ್ನು ಹಾಗೆಯೇ ಉಳಿಸಬೇಕೆಂಬುದು ನನ್ನ ನಿಲುವು. ಲ್ಯಾಟಿನ್ನಿನಲ್ಲಿ ಆ ಮಾತಿಗೆ ಸುಂಟರಗಾಳಿ ಎಂದೂ ಬುಗುರಿ ಎಂದೂ ಅರ್ಥವಿದೆ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಈ ಬುಗುರಿಗೆ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ತೊಂದರೆ ಇರುವುದು ‘ಟರ್ಬೊಚಾರ್ಜರ್’ ಎಂಬ ಪೂರ್ತಿ ಹೆಸರಿನ ‘ಚಾರ್ಜರ್’ನಲ್ಲಿ. ಇಂದು ಚಾರ್ಜರ್ ಎಂದರೆ ಮೊಬೈಲಿಗೆ ಚುಚ್ಚುವ ವಸ್ತು. ಕನ್ನಡ ಮಾಡುವವರು ಅದನ್ನೇ ನಂಬಿ ಇಲ್ಲಿ ವಿದ್ಯುತ್ತನ್ನು ಎಳೆದು ತಂದರೆ ಅರ್ಥ ಪೂರ್ತಿ ಕೆಟ್ಟುಹೋಗುತ್ತದೆ. ಈ ‘ಚಾರ್ಜ್’ ಹುಟ್ಟಿದ್ದು ಬಂಡಿಗೆ ಹೇರುವುದರಿಂದ, ಅದರ ಬೇರು ಲ್ಯಾಟಿನ್ನಿನ ಬಂಡಿ ಎಂಬ ಮಾತೇ. ನಮ್ಮ ಹೇರು ಅದಕ್ಕೆ ಸರಿಸಾಟಿ. ಕೋವಿಗೆ ಮದ್ದು ತುಂಬುವಾಗ ಹೇಳುವ ‘ಈಡು’ ಇನ್ನೂ ಹತ್ತಿರ, ಒಂದು ಸಲದ ಸಿಡಿತಕ್ಕೆ ಬೇಕಾದಷ್ಟು. ಸಿಲಿಂಡರಿನೊಳಗೆ ಪ್ರತಿ ಸಲ ಸೇರುವ ಗಾಳಿ ಮತ್ತು ಇಂಧನದ ಅಳತೆಗೆ ‘ಈಡು’ ಎನ್ನಬಹುದೇ? ಬೇಟೆಯ ವಾಸನೆ ಹೆಚ್ಚಾಯಿತೆಂದು ಯಾರಿಗಾದರೂ ಅನಿಸಿದರೆ ಹೇಳಿ.

ಕೆಲಸವನ್ನು ವಿವರಿಸಲು ನನಗೆ ಸಿಕ್ಕಿದ್ದು ‘ತಿದಿ’. ಕುಲುಮೆಯಲ್ಲಿ ತಿದಿ ಒತ್ತಿದಷ್ಟೂ ಕೆಂಡ ಉರಿಯುತ್ತದೆ. ಟರ್ಬೊದಲ್ಲಿ ತಿದಿ ಒತ್ತಲು ಬೇರೆ ಆಳು ಇಲ್ಲ, ಉರಿದು ಹೊರಹೋಗುವ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒಳಗೆ ಒತ್ತುತ್ತದೆ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದದ್ದು ಈ ಉಪಾಯಕ್ಕೆ. ವ್ಯರ್ಥವಾಗುವ ಹೊಗೆಯಿಂದ ದುಡಿಸಿಕೊಳ್ಳುವ ಈ ಯುಕ್ತಿಯನ್ನು ಓದಿದಾಗಲೆಲ್ಲ ನನಗೆ ಹಿಗ್ಗಾಗುತ್ತದೆ. ‘ಹೊಗೆತಿದಿ’ ಎಂದು ಪದ ಕಟ್ಟಿಯೂ ನೋಡಿದೆ. ಓದುಗರ ಕಣ್ಣಿಗೆ ಅಡುಗೆಮನೆಯೇ ಬರುತ್ತದೆಂದು ಕೈಬಿಟ್ಟೆ. ವಿವರಣೆಯಲ್ಲಿ ತಿದಿ ಇರಲಿ, ಹೆಸರಿನಲ್ಲಿ ಟರ್ಬೊ ಇರಲಿ.

ಭಾವ ಆಡಿದ ‘ದಮ್ಮು’ ಕೂಡ ಎಣಿಕೆಗೆ ಬರಬೇಕು. ದಮ್ಮು ಉಸಿರೂ ಹೌದು, ಕಸುವೂ ಹೌದು, ಉಬ್ಬಸದ ಕಾಯಿಲೆಯೂ ಹೌದು. ಮಲಯಾಳದ ವಲಿವು ಎಳೆತಕ್ಕೂ ಉಬ್ಬಸಕ್ಕೂ ಸಲ್ಲುತ್ತದೆ. ಟರ್ಬೊ ಇಲ್ಲದ ಎಂಜಿನ್ನನ್ನು ಇಂಗ್ಲಿಷಿನವರೂ ತಾನಾಗಿ ಉಸಿರೆಳೆಯುವ ಎಂಜಿನ್ ಎಂದೇ ಕರೆಯುತ್ತಾರೆ. ಅದಕ್ಕೆ ‘ಸಹಜ ಉಸಿರಿನ ಎಂಜಿನ್’ ಎಂದರೆ ನಮ್ಮ ಊರಿನ ಯಾವ ಚಾಲಕನಿಗೂ ತಿಳಿಯುತ್ತದೆ.

ಇನ್ನು ‘ಬೂಸ್ಟ್’, ಅಂದರೆ ಟರ್ಬೊ ಗಾಳಿಗೆ ಕೊಡುವ ಹೆಚ್ಚುವರಿ ಒತ್ತಡ. ಇಲ್ಲಿ ಎಚ್ಚರ ತಪ್ಪಿದರೆ ಲೆಕ್ಕವೇ ತಪ್ಪುತ್ತದೆ. ಮಾಪಕ 0.5 ಬಾರ್ (ಒತ್ತಡದ ಅಳತೆಯ ಮಾನ) ತೋರಿಸಿದರೆ ಅದು ವಾತಾವರಣದ ಒತ್ತಡದ ಮೇಲಿನ ಹೆಚ್ಚಳ. ಸುತ್ತಲಿನ ಗಾಳಿಯ ಒತ್ತಡವೇ ಸುಮಾರು 1 ಬಾರ್, ಒಟ್ಟು 1.5. ‘ಒತ್ತಡ 0.5 ಬಾರ್’ ಎಂದು ಬರೆದರೆ ಗಾಳಿ ಅರ್ಧಕ್ಕೆ ಇಳಿದಿದೆ ಎಂದಂತಾಗುತ್ತದೆ, ಪೂರ್ತಿ ತಿರುವುಮುರುವು. ‘ಅಧಿಕ ಒತ್ತಡ’ ಎಂದರೆ ರಕ್ತದೊತ್ತಡದ ನೆನಪು. ‘ಮೇಲೊತ್ತಡ’ ಎಂದು ಬರೆದಿದ್ದೇನೆ. ಮೇಲಿನಿಂದ ಬೀಳುವ ಒತ್ತಡ ಎಂದು ಯಾರಾದರೂ ಓದಿಯಾರೇ ಎಂಬ ಅಳುಕಿದೆ.

‘ವೇಸ್ಟ್‌ಗೇಟ್’ಗೆ ‘ತ್ಯಾಜ್ಯದ್ವಾರ’ ದಯವಿಟ್ಟು ಬೇಡ, ಚರಂಡಿಯ ಬಾಯಿ ಕಣ್ಣಿಗೆ ಬರುತ್ತದೆ. ಮೇಲೊತ್ತಡ ಮಿತಿ ಮುಟ್ಟಿದಾಗ ಹೊಗೆಯ ಒಂದು ಪಾಲನ್ನು ಚಕ್ರದ ಹೊರಗಿಂದಲೇ ಹಾಯಿಸಿಬಿಡುವ ಬಾಗಿಲು ಅದು. ಇಂಗ್ಲಿಷಿನಲ್ಲಿ ಈ ಮಾತು ಮೊದಲು ಇದ್ದದ್ದು ಕಾಲುವೆ, ಗಿರಣಿಗಳಲ್ಲಿ ಹೆಚ್ಚಿನ ನೀರನ್ನು ಬಿಡುವ ಬಾಗಿಲಿಗೆ. ಕೆರೆ ತುಂಬಿದಾಗ ಹೆಚ್ಚಾದ ನೀರು ಹರಿದುಹೋಗುವ ದಾರಿಗೆ ನಮ್ಮಲ್ಲಿ ‘ಕೋಡಿ’ ಇದೆಯಲ್ಲ! ‘ಹೊಗೆಗೋಡಿ’ ಎನ್ನುವ ಆಸೆ ನನಗೆ. ಆದರೆ ಕರಾವಳಿಯವರಿಗೆ ಕೋಡಿ ಎಂದರೆ ಹೊಳೆ ಕಡಲಿಗೆ ಸೇರುವಲ್ಲಿ ಚಾಚಿದ ಮರಳ ತುದಿ. ಬಯಲುಸೀಮೆಯ ಕೆರೆಯ ಮಾತನ್ನು ಕಾಸರಗೋಡಿನ ಅರ್ಜಿಯಲ್ಲಿ ಬರೆದರೆ ನಿಲ್ಲುತ್ತದೆಯೇ? ಕೆರೆಗಳ ಕಡೆಯವರು ಉತ್ತರಿಸಬೇಕು. ವೇಗ ಹೆಚ್ಚಿಸಲು ಪೆಡಲು ಒತ್ತಿದ ಮೇಲೆ ಟರ್ಬೊದ ಬಲ ಬರುವವರೆಗಿನ ‘ಲ್ಯಾಗ್’ಗೆ ‘ತಡ’ ಸಾಕು. ‘ಹಿಂಜರಿತ’ವನ್ನು ಪತ್ರಿಕೆಗಳು ಆರ್ಥಿಕತೆಗೆ ಕೊಟ್ಟುಬಿಟ್ಟಿವೆ.

ಕೊನೆಯದು ಅರ್ಜಿಯ ವಿಷಯಸೂಚಿ. ಇಲ್ಲಿನ ಮಲಯಾಳ ಪತ್ರಿಕೆಗಳಲ್ಲಿ ಇಂತಹ ಗಾಡಿಗಳಿಗೆ ‘ರೂಪಮಾಟ್ಟಂ’ ಮಾಡಿದ ವಾಹನ ಎನ್ನುತ್ತಾರೆ. ಅದನ್ನು ‘ರೂಪ ಬದಲಾವಣೆ’ ಎಂದು ತಂದರೆ ಸುಳ್ಳಾಗುತ್ತದೆ, ಬಾನೆಟ್ ಮುಚ್ಚಿದ ಮೇಲೆ ಕಾರಿನ ರೂಪ ಕೂದಲೆಳೆಯಷ್ಟೂ ಬದಲಾಗಿರುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಕೇಳುವುದು ಬೇರೆಯದನ್ನು: ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದು. ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಹಾಗಾಗಿ ಅನುಮತಿ ಸಿಗುವುದು ಕಷ್ಟ ಎಂದು ಭಾವನಿಗೆ ಹೇಳಿದ್ದೇನೆ. “ಇಲ್ಲ ಎನ್ನುವುದನ್ನೂ ಕನ್ನಡದಲ್ಲಿಯೇ ಕೇಳಿ ತಿಳಿಯೋಣ ಭಾವ, ಅಲ್ಲಿಯವರೆಗೆ ಬೋಲ್ಟ್ ಕೂಡ ಬಿಚ್ಚುವುದಿಲ್ಲ” ಎಂದ. ಈಗ ನಾನು ಬರೆದಿರುವ ಸಾಲು ಇದು:

‘ಸಹಜ ಉಸಿರಿನ ಎಂಜಿನ್ನಿಗೆ ಟರ್ಬೊ ಅಳವಡಿಸುವುದು ಕಲಮು 52ರ ಅರ್ಥದಲ್ಲಿ ಮಾರ್ಪಾಡು ಆಗುವುದೇ ಎಂಬುದರ ಕುರಿತು ಸ್ಪಷ್ಟನೆ ಕೋರಿ.’

‘ಅಳವಡಿಸು’ ಮತ್ತು ‘ಮಾರ್ಪಾಡು’ ಎರಡನ್ನೂ ಒಂದೇ ಸಾಲಿನಲ್ಲಿ ಬೇರೆ ಬೇರೆ ಅರ್ಥಕ್ಕೆ ನಿಲ್ಲಿಸಿದ್ದೇನೆ: ಮೊದಲನೆಯದು ಮಾಡುವ ಕೆಲಸ, ಎರಡನೆಯದು ಕಾನೂನು ಅದಕ್ಕೆ ಕೊಡುವ ಹೆಸರು. ಓದುವ ಅಧಿಕಾರಿಗೆ ಈ ಭೇದ ಕಾಣುತ್ತದೆಯೇ? ಬರುವ ಸೋಮವಾರ ಅರ್ಜಿ ಕೊಡಲಿದ್ದೇವೆ. ಈಡು, ಮೇಲೊತ್ತಡ, ಹೊಗೆಗೋಡಿ, ಈ ಮೂರರ ಬಗ್ಗೆ ಅದಕ್ಕೆ ಮೊದಲು ನಿಮ್ಮ ಮಾತು ಬಂದರೆ ಲಗತ್ತಿಸುವ ವಿವರಣೆಯನ್ನು ತಿದ್ದಿಕೊಳ್ಳುತ್ತೇನೆ.